ಮಾಸ್ಟ್ರ ಡಿಸ್ಕಿನ ಬೋರ್ಡ್

ಹೆಸರು ನಿಝಾಮುದ್ದೀನ್, ಪ್ರಾಯ 34 ವರ್ಷ, ಕಂಪ್ಯೂಟರ್ ರಿಪೇರಿ ಕೆಲಸ, ವಾಸ ತೋಡಾರು, ಮೂಡುಬಿದಿರೆ. ಆಟೋ ಚಾಲಕ ಹುಕ್ರಪ್ಪ ಎಂಬವರು ಕಂಪ್ಯೂಟರ್ ಬೀಳಿಸಿ ಹಾಳು ಮಾಡಿದ್ದಾರೆಂದು ವೇಣೂರಿನ ನಿವೃತ್ತ ಶಿಕ್ಷಕ ಪದ್ಮಯ್ಯನವರು ಕೊಟ್ಟ ದೂರಿನ ಬಗ್ಗೆ ಸಾಕ್ಷಿಯಾಗಿ ಪೊಲೀಸ್ ಠಾಣೆಗೆ ಕರೆಸಿದ್ದಕ್ಕೆ ನಾನು ತಿಳಿಯಪಡಿಸುವುದೇನೆಂದರೆ,

ಕೆಟ್ಟ ಹಾರ್ಡ್ ಡಿಸ್ಕಿನೊಳಗಿನದ್ದನ್ನು ಹೊರತೆಗೆಯುವ ಕೆಲಸ ಈ ಕಡೆ ನನಗೊಬ್ಬನಿಗೇ ಬರುತ್ತದೆಂದು ಜನ ಹೇಳುವುದುಂಟು. ನಾನೂ ನಂಬಿದ್ದೆ.

ದಿನಾಂಕ 03-04-2006ರಂದು ಬೆಳಿಗ್ಗೆ 10.15 ಗಂಟೆಗೆ ನರಿಕೊಂಬಿನ ಮಾಜಿದಾ ಎಂಬವರು ನನ್ನ ಅಂಗಡಿಗೆ ಒಂದು ಡಿಸ್ಕ್ ತಂದರು. ಕರೆಂಟು ಏರಿಳಿದು ಅದರ ಅಡಿಯ ಬೋರ್ಡ್ ಸುಟ್ಟಿತ್ತು. ಸೌದಿಯ ದಮ್ಮಾಮಿನಲ್ಲಿ ತೀರಿಕೊಂಡ ಗಂಡ ಕೊನೆಯ ರಜೆಯಲ್ಲಿ ಮಗಳನ್ನು ಎತ್ತಿಕೊಂಡ ಫೋಟೊಗಳು ಅದರಲ್ಲಿವೆ, ಬೇರೆ ಕಡೆ ಒಂದೂ ಇಲ್ಲ ಎಂದರು. ಒಂದು ಪ್ರತಿ ಯಾಕೆ ಮಾಡಿಡಲಿಲ್ಲ ಎಂದು ಅವರನ್ನು ಬೈದೆ. ಅದೇ ಕಂಪನಿಯ ಅದೇ ನಂಬರಿನ ಬೋರ್ಡ್ ಸಿಕ್ಕಿದರೆ ಮಾತ್ರ ಆದೀತು ಎಂದೆ. ಅವರು ಬೆಂಚಿನಿಂದ ಏಳಲಿಲ್ಲ.

ಅಂಥದ್ದೇ ಡಿಸ್ಕ್ ಅಂಗಡಿಯಲ್ಲಿ ಒಂದಿತ್ತು. ಪದ್ಮಯ್ಯನವರು ಫ್ಯಾನ್ ಬದಲಿಸಲು ಕೊಟ್ಟಿದ್ದ ಕಂಪ್ಯೂಟರಿನದು. ಒಂದು ಗಂಟೆಯ ಮಟ್ಟಿಗೆ ತಾನೆ ಎಂದುಕೊಂಡು, ಅವರನ್ನು ಕೇಳದೆ, 11.20ಕ್ಕೆ ಅದರ ಬೋರ್ಡ್ ಕಳಚಿ ಮಾಜಿದಾರ ಡಿಸ್ಕಿಗೆ ಕೂರಿಸಿದೆ. ಡಿಸ್ಕ್ ತಿರುಗಿತು. 212 ಫೋಟೊ ಸಿಕ್ಕಿದವು. ಕೊನೆಗೆ ಸ್ವಲ್ಪ ಸುಟ್ಟ ವಾಸನೆ ಬಂತು, ನಾನು ಲೆಕ್ಕಿಸಲಿಲ್ಲ. ಮಾಜಿದಾ ಫೋಟೊಗಳ ಸಿ.ಡಿ.ಯನ್ನು ಬ್ಯಾಗಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಬಸ್ಸಿಗೆ ಹೋದರು. ನನಗೆ ಬಹಳ ಸಂತೋಷವಾಗಿತ್ತು.

12.50ಕ್ಕೆ ಬೋರ್ಡನ್ನು ಪದ್ಮಯ್ಯ ಮಾಸ್ಟ್ರ ಡಿಸ್ಕಿಗೆ ತಿರುಗಿ ಹಾಕಿ ಕರೆಂಟು ಕೊಟ್ಟೆ. ಮೂರು ಸಲ ಟಕ್ ಎಂದು ನಿಂತಿತು. ಮಾಜಿದಾರ ಡಿಸ್ಕಿನಲ್ಲಿದ್ದಾಗಲೇ ಬೋರ್ಡ್ ಕೆಟ್ಟಿತ್ತು, ಅದರಿಂದ ಡಿಸ್ಕಿನ ಒಳಗೂ ಸುಟ್ಟಿತು. ಐದು ದಿನ ಪ್ರಯತ್ನಿಸಿದೆ. ಏನೂ ಸಿಗಲಿಲ್ಲ.

ದಿನಾಂಕ 08-04-2006ರಂದು ಸಂಜೆ 4.30ಕ್ಕೆ ಮಾಸ್ಟ್ರು ಕಳುಹಿಸಿದ ಹುಕ್ರಪ್ಪರ ಆಟೋದಲ್ಲಿ ಕಂಪ್ಯೂಟರ್ ಕೊಟ್ಟು ಕಳುಹಿಸಿದೆ. ಅವರು ಸೀಟಿಗೆ ಕಂಬಳಿ ಹಾಸಿ, ಹಗ್ಗ ಕಟ್ಟಿದ್ದನ್ನು ನಾನೇ ನೋಡಿದ್ದೇನೆ. 7 ಗಂಟೆಗೆ ಮಾಸ್ಟ್ರು ಫೋನ್ ಮಾಡಿ, ಕಂಪ್ಯೂಟರ್ ಶುರುವಾಗುವುದಿಲ್ಲ ಎಂದರು. ದಾರಿಯಲ್ಲಿ ಕುಲುಕಿರಬೇಕು ಎಂದೆ. ನಾನು ಹೇಳಿದ್ದು ಅಷ್ಟೇ. ಅಷ್ಟು ಸಾಕಾಯಿತು.

ಡಿಸ್ಕಿನಲ್ಲಿ ಏನಿತ್ತೆಂದು ಇಂದು 11 ಗಂಟೆಗೆ ಠಾಣೆಯಲ್ಲಿ ತಿಳಿಯಿತು. ಮಾಸ್ಟ್ರ ಹೆಂಡತಿ ಶಶಿಪ್ರಭಾ ಎರಡು ವರ್ಷ ಹಾಸಿಗೆ ಹಿಡಿದಿದ್ದು, ನೆನಪಾದ ಹಳೆಯ ತುಳು ಶಬ್ದಗಳನ್ನು ಹೇಳುತ್ತಿದ್ದರಂತೆ. ಇವರು ಪಕ್ಕದಲ್ಲಿ ಕುಳಿತು ಟೈಪು ಮಾಡುತ್ತಿದ್ದರಂತೆ. ಜನವರಿಯಲ್ಲಿ ಶಶಿಪ್ರಭಾ ತೀರಿಕೊಂಡರು. ಆ ಹೊತ್ತಿಗೆ 3,140 ಶಬ್ದಗಳಾಗಿದ್ದವು. ಹುಕ್ರಪ್ಪರು ಖಾಕಿ ಅಂಗಿಯಲ್ಲೇ ಗೋಡೆ ಬದಿ ನಿಂತು, "ಕೂಸನ್ನು ತಂದ ಹಾಗೆ ತಂದಿದ್ದೇನೆ ಮಾಸ್ಟ್ರೇ" ಎಂದರು. ನನಗೆ ನಾಚಿಕೆಯಾಯಿತು. ಎಲ್ಲರ ಎದುರಿಗೇ ನಡೆದದ್ದನ್ನು ಹೇಳಿದೆ.

ಮಾಸ್ಟ್ರು ಆ ಹೆಂಗಸಿಗೆ ಫೋಟೊ ಸಿಕ್ಕಿತೇ ಎಂದು ವಿಚಾರಿಸಿದರು. ಸಿಕ್ಕಿತು ಎಂದೆ. "ಕೇಳಿದ್ದರೆ ನಾನೇ ಕೊಡ್ತಿದ್ದೆ ನಿಝಾಮ್. ಮೊದಲು ನನ್ನದರ ಒಂದು ಪ್ರತಿ ಮಾಡಿಡಿ ಅಂತ ಮಾತ್ರ ಹೇಳ್ತಿದ್ದೆ" ಎಂದರು.

ಅದು ಹತ್ತು ನಿಮಿಷದ ಕೆಲಸ. ಮಾಜಿದಾರನ್ನು ನಾನು ಬೈದದ್ದೂ ಅದಕ್ಕೇ.

ಹುಕ್ರಪ್ಪರ ತಪ್ಪು ಏನೂ ಇರುವುದಿಲ್ಲ. ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಡೆದದ್ದೂ ಹೀಗೆಯೇ.

ಸ್ಥಳ: ವೇಣೂರು
ದಿನಾಂಕ: 12-04-2006
ಸಹಿ: ನಿಝಾಮುದ್ದೀನ್