ನಲವತ್ತೊಂದು ಎಂದು ಕೆತ್ತಿದ ಹಲ್ಲಿನ ಸೆಟ್

ಹೇಳಿಕೆ ಕೊಡುತ್ತಿರುವವನ ಹೆಸರು: ಪ್ರತ್ಯೇಕ ಹಾಳೆಯಲ್ಲಿ ಬರೆದುಕೊಟ್ಟಿದ್ದೇನೆ. ವಯಸ್ಸು: 51 ವರ್ಷ. ಉದ್ಯೋಗ: ಹಲ್ಲಿನ ಸೆಟ್ ತಯಾರಿಕೆ. ವಾಸ: ಬಸ್ ನಿಲ್ದಾಣದ ಹಿಂದಿನ ರಸ್ತೆ, ನನ್ನ ಲ್ಯಾಬಿನ ಮೇಲಿನ ಮಹಡಿ.

ಠಾಣೆಗೆ ಖುದ್ದಾಗಿ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಾನು ಹದಿನೆಂಟು ವರ್ಷ ಕುಡಿದವನು. ಬಿಟ್ಟು ಎರಡು ವರ್ಷ ನಾಲ್ಕು ತಿಂಗಳಾಯಿತು. ಹೆಂಡತಿ ಕತ್ತರಿಸಿಕೊಟ್ಟ ಪತ್ರಿಕೆಯ ಚೂರು ಹಿಡಿದು ಕುಡಿತ ಬಿಟ್ಟವರ ಸಭೆ ಹುಡುಕಿಕೊಂಡು ಹೋದ ಮೊದಲ ದಿನ, ಅದೇ ಕಟ್ಟಡದ ಇನ್ನೊಂದು ಕೋಣೆಯಲ್ಲಿ ಸಕ್ಕರೆ ಕಾಯಿಲೆಯವರ ನಡುವೆ ಇಪ್ಪತ್ತು ನಿಮಿಷ ಕುಳಿತಿದ್ದೆ. ಎಷ್ಟು ವರ್ಷದಿಂದ ಎಂದು ಕೇಳಿದರು, ಹದಿನೆಂಟು ಎಂದೆ. ಪಾಪ, ಪಥ್ಯದ ಪಟ್ಟಿ ಕೊಟ್ಟರು. ನಮ್ಮ ಸಭೆ ಇದ್ದದ್ದು ನೆಲಮಾಳಿಗೆಯಲ್ಲಿ, ಬುಧವಾರ ಮತ್ತು ಶನಿವಾರ ಸಂಜೆ 5-30ಕ್ಕೆ. ಪಕ್ಕದಲ್ಲೇ ಶೌಚಾಲಯ. ಹದಿನೈದು ಗಂಡಸರ ಬೆವರು, ಮೇಲಿಂದ ಫಿನಾಯಿಲ್. ಇವತ್ತಿಗೂ ಆ ಮೆಟ್ಟಿಲನ್ನು ನಾನು ಮೂಗಿಗೆ ಕರವಸ್ತ್ರ ಹಿಡಿದೇ ಇಳಿಯುತ್ತೇನೆ.

ಅಲ್ಲಿ ಯಾರ ಹೆಸರನ್ನೂ ಕೇಳುವಂತಿಲ್ಲ, ಅಲ್ಲಿ ಕೇಳಿದ ಮಾತನ್ನು ಹೊರಗೆ ಆಡುವಂತಿಲ್ಲ. ಕಸುಬು ನೋಡಿ ಒಂದು ಅಡ್ಡಹೆಸರು ಇಡುತ್ತಾರೆ. ನನ್ನನ್ನು ಹಲ್ಲಣ್ಣ ಎನ್ನುತ್ತಾರೆ. ಗೋಡೆಯ ಕರಿಹಲಗೆಯ ಮೇಲೆ ಅಡ್ಡಹೆಸರು, ಅದರ ಮುಂದೆ ಕುಡಿಯದೆ ಕಳೆದ ದಿನಗಳ ಲೆಕ್ಕ. ಕುಡಿದರೆ ಸೊನ್ನೆ. ಹಲಗೆ ಬರೆಯುವವನು ನಾನು.

ತಾವು ಗುರುತು ಹುಡುಕುತ್ತಿರುವ ಮೃತರೂ ಆ ಸಭೆಗೆ ಬರುತ್ತಿದ್ದವರು, ಅವರನ್ನು ನಾವು ಪಾಲಿಶ್ ಎಂದು ಕರೆಯುತ್ತಿದ್ದೆವು. ಮರದ ಸಾಮಾನಿಗೆ ಪಾಲಿಶ್ ಹಚ್ಚುವ ಕೆಲಸ, ವಯಸ್ಸು ಅರವತ್ತರ ಆಸುಪಾಸು. ಕೆಲಸದ ಸ್ಪಿರಿಟ್ಟಿಗೆ ಸೋಡಾ ಬೆರೆಸಿ ಕುಡಿಯುತ್ತಿದ್ದದ್ದನ್ನೂ, ಮಗಳ ಮದುವೆಯಲ್ಲಿ ಅಳಿಯನ ಮಡಿಲಿಗೇ ವಾಂತಿ ಮಾಡಿದ್ದನ್ನೂ ಮೊದಲ ದಿನವೇ ಹೇಳಿದರು. ಇನ್ನೊಮ್ಮೆ ವಾಂತಿಯ ಜೊತೆ ಮೇಲಿನ ಹಲ್ಲಿನ ಸೆಟ್ ಕಕ್ಕಸಿನ ಗುಂಡಿಗೆ ಬಿದ್ದಿತಂತೆ. ಮೊಣಕೈವರೆಗೆ ಕೈ ಹಾಕಿ ಹುಡುಕಿಯೂ ಸಿಗದೆ ಹೋದದ್ದನ್ನು ತೋಳು ಮಡಚಿ ಅಭಿನಯಿಸಿ ತೋರಿಸಿದರು. ನನಗೆ ಅಸಹ್ಯವಾಗಿ ಎದ್ದುಹೋಗಿ ದೂರದ ಕುರ್ಚಿಯಲ್ಲಿ ಕುಳಿತೆ. ನಾನೇನು ಕಡಿಮೆ ಹೇಸಿಗೆ ಮಾಡಿದವನಲ್ಲ, ಆದರೂ ಕುಳಿತೆ.

ಕಳೆದ ತಿಂಗಳು 26ರಂದು ಅವರು ಲ್ಯಾಬಿಗೆ ಬಂದರು. ‘ಹಲ್ಲಣ್ಣಾ, ಒಂದು ಸೆಟ್ ಮಾಡ್ಕೊಡಪ್ಪಾ. ಅರವತ್ತನೇ ದಿನ ಮಗಳ ಹತ್ರ ಹೋಗ್ತೀನಿ. ಬೋಳು ಬಾಯಲ್ಲಿ ಹೋದ್ರೆ ಕುಡ್ಕ ಬಂದ ಅಂತಾಳೆ’ ಎಂದರು. ಅದು ಅವರ ನಲವತ್ತೊಂದನೇ ದಿನ. ಒಬ್ಬರದು ಇನ್ನೊಬ್ಬರಿಗೆ ಹೋಗದಿರಲೆಂದು ಪ್ರತಿ ಸೆಟ್ಟಿನ ಒಳಮೈಯಲ್ಲಿ ಲ್ಯಾಬಿನ ಗುರುತಿನ ಜೊತೆ ಗಿರಾಕಿಯ ಹೆಸರು ಕೆತ್ತುವುದು ನನ್ನ ಪದ್ಧತಿ. ಇವರ ಹೆಸರು ಕೇಳುವಂತಿರಲಿಲ್ಲ. 41 ಎಂದು ಕೆತ್ತಿದೆ. ಈ ತಿಂಗಳು 7ರಂದು ಸೆಟ್ ಕೊಟ್ಟೆ. ಕನ್ನಡಿ ನೋಡಿಕೊಂಡು ಬಹಳ ಹೊತ್ತು ನಕ್ಕರು.

12ನೇ ತಾರೀಖು ಗುರುವಾರ ಸಂಜೆ 5-20ಕ್ಕೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಪಾಲಿಶ್ ಅವರ ದನಿ. ನನ್ನನ್ನು ಕರೆಯಲೂ ನಾಲಿಗೆ ಹೊರಳುತ್ತಿರಲಿಲ್ಲ. ಆ ತೊದಲು ನನ್ನ ಬಾಯಲ್ಲೇ ಹದಿನೆಂಟು ವರ್ಷ ಇದ್ದದ್ದು. ಕುಡಿಯಬೇಕು ಅನ್ನಿಸಿದಾಗ ಒಬ್ಬರು ಫೋನ್ ಮಾಡಿದರೆ ಇನ್ನೊಬ್ಬರು ಕೇಳಿಸಿಕೊಳ್ಳಲೇಬೇಕು ಎಂಬುದು ನಮ್ಮ ಕಟ್ಟಳೆ. ನಾನು ಕೇಳಿಸಿಕೊಳ್ಳಲಿಲ್ಲ. ‘ಥೂ, ಮತ್ತೆ ಕುಡಿದ್ಯಾ? ಇನ್ಮೇಲೆ ಮುಖ ತೋರಿಸ್ಬೇಡ’ ಎಂದು ಫೋನ್ ಇಟ್ಟೆ. ಅಲ್ಲಿಯವರೆಗೆ ಅವರನ್ನು ಏಕವಚನದಲ್ಲಿ ಮಾತಾಡಿಸಿದವನಲ್ಲ. 5-22ಕ್ಕೆ ಮತ್ತೆ ಬಂತು. ಎತ್ತಲಿಲ್ಲ.

14ರ ಶನಿವಾರ ಅವರು ಸಭೆಗೆ ಬರಲಿಲ್ಲ. ಕುಡಿದಿದ್ದಾರೆ ಎಂದು ನಾನೇ ಎಲ್ಲರಿಗೂ ಸಾರಿದೆ. ನಮ್ಮಲ್ಲಿನ ಆಟೋದವರು, ನೀವು ಕಣ್ಣಾರೆ ನೋಡಿದಿರಾ ಎಂದು ಕೇಳಿದರು. ಇದಕ್ಕೆ ನೋಡಬೇಕೇ ಎಂದು ಅವರ ಬಾಯಿ ಮುಚ್ಚಿಸಿ, ಬುಧವಾರ ಬರೆದಿದ್ದ 57 ಅಳಿಸಿ ಸೊನ್ನೆ ಬರೆದೆ.

ಈ ದಿನ 16ನೇ ತಾರೀಖು ಬೆಳಿಗ್ಗೆ 11ಕ್ಕೆ ತಮ್ಮ ಸಿಬ್ಬಂದಿ ಪ್ಲಾಸ್ಟಿಕ್ ಕವರಿನಲ್ಲಿ ಸೆಟ್ ತಂದು ತೋರಿಸಿದರು. ಕೆತ್ತನೆ ನನ್ನದೇ. ಲ್ಯಾಬಿನಿಂದ ನಾನೂರು ಮೀಟರ್ ದೂರದಲ್ಲಿ, ಬಸ್ ನಿಲ್ದಾಣದ ಚಹಾ ಅಂಗಡಿಯ ಮುಂದೆ ಗುರುವಾರ 5-25ಕ್ಕೆ ಅವರು ಕುಸಿದುಬಿದ್ದರೆಂದೂ, 7-40ಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡರೆಂದೂ ತಿಳಿಸಿದರು. ಮೆದುಳಿನ ರಕ್ತನಾಳ ಒಡೆದಿತ್ತು, ಮಾತು ತೊದಲಿದ್ದು ಅದರಿಂದ, ಮೈಯಲ್ಲಿ ಒಂದು ತೊಟ್ಟೂ ಮದ್ಯ ಇರಲಿಲ್ಲ ಎಂದು ವೈದ್ಯರು ಹೇಳಿದ್ದಾರಂತೆ. ಹೊಸ ಸೆಟ್ ಹಾಕಿದ ಮೊದಲ ವಾರ ಯಾರ ನಾಲಿಗೆಯಾದರೂ ತೊಡರುತ್ತದೆ ಎಂದು ಇಪ್ಪತ್ತೆರಡು ವರ್ಷದಿಂದ ಗಿರಾಕಿಗಳಿಗೆ ಹೇಳುತ್ತಾ ಬಂದವನು ನಾನು. ಅಷ್ಟೂ ನೆನಪಾಗಲಿಲ್ಲ. ಈಗ ನನ್ನ ಬಾಯಿಯೇ ನನಗೆ ಹೇಸಿಗೆ.

ವಾರಸುದಾರರು ಸಿಗದಿದ್ದರೆ ಶವವನ್ನು ಅನಾಥವೆಂದು ವಿಲೇವಾರಿ ಮಾಡುವುದಾಗಿ ತಿಳಿದು, ಸಭೆಯ ಕಟ್ಟಳೆ ಮುರಿದು, ಅವರು ಅಲ್ಲಿ ಆಡಿದ ಮಾತನ್ನು ಹೇಳುತ್ತಿದ್ದೇನೆ. ಮೃತರ ಮಗಳು ರೈಲು ನಿಲ್ದಾಣದ ಎದುರಿನ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸ ಮಾಡುತ್ತಾಳೆ, ಎಡಗೈಯಲ್ಲಿ ಬರೆಯುತ್ತಾಳೆ. ಮೃತರ ನಿಜವಾದ ಹೆಸರು ಆಕೆಗೆ ಗೊತ್ತು. ಅಲ್ಲಿಯವರೆಗೆ ಶವವನ್ನು ಇರಿಸಿಕೊಳ್ಳಬೇಕು. ಠಾಣೆಗೆ ಬರುವ ಮುಂಚೆ ನೆಲಮಾಳಿಗೆಗೆ ಹೋಗಿ ಸೊನ್ನೆ ಅಳಿಸಿ, ಆ ಗುರುವಾರವನ್ನೂ ಸೇರಿಸಿ 58 ಎಂದು ಬರೆದು ಬಂದಿದ್ದೇನೆ. ಮಗಳಿಗೆ ಸಾವಿನ ಸುದ್ದಿ ಹೇಳುವ ಮುನ್ನವೇ, ಅಪ್ಪ ಕುಡಿದಿರಲಿಲ್ಲ ಎಂದು ತಿಳಿಸಬೇಕೆಂದು ಕೋರುತ್ತೇನೆ. ಆಕೆ ಮೊದಲು ಕೇಳುವುದು ಅದನ್ನೇ. ನಾನೂ ಅದನ್ನೇ ಕೇಳಿದ್ದು.

ಮೇಲೆ ಬರೆಸಿದ್ದನ್ನು ಓದಿಸಿ ಕೇಳಿದ್ದೇನೆ. ಎಲ್ಲವೂ ನಿಜ, ನಾನು ಹೇಳಿದಂತೆಯೇ ಇದೆ.

ಸ್ಥಳ: ಠಾಣೆ
ದಿನಾಂಕ: 16, ಮಧ್ಯಾಹ್ನ 2-15
ಸಹಿ