ಕಾರ್ಲ್ ಪೊರ್ಬುಗಳ ಲೋಡ್ ಸೈಕಲ್

ಶಿರ್ವ ಪೇಟೆಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದ ವಿಶಾಲನ ಕಣ್ಣು ಮೊಬೈಲಿನಲ್ಲಿತ್ತು, ಕಿವಿ ಮಾತ್ರ ಪಕ್ಕದ ಕಟ್ಟೆಯ ಮೇಲಿತ್ತು. ಅಲ್ಲಿ ತೆಂಗಿನಕಾಯಿ ಮೂಟೆ ಇಟ್ಟುಕೊಂಡು ಕೂತಿದ್ದ ವೆರೊನಿಕಾ ಬಾಯಿಯನ್ನು ಮೀನು ಮಾರುವ ಅಪ್ಪಿಯಕ್ಕ ವಿಚಾರಿಸುತ್ತಿದ್ದರು.

"ಎಂತ ಬಾಯಿ, ಅಂಗಡಿಗೆ ಕಾಯಿ ಹಾಕಲಿಕ್ಕೆ ಅಂತ ನಿಮ್ಮ ಯಜಮಾನರು ಕಾರ್ಲ್ ಪೊರ್ಬುಗಳು ಲೋಡ್ ಸೈಕಲ್ ತಂದಿದ್ದಾರಲ್ವಾ?"

"ತಂದಿದ್ದಾರೆ. ಎರಡು ಕ್ವಿಂಟಾಲ್ ಹೊರುತ್ತದಂತೆ."

"ಮತ್ತೆ ಈ ಮೂಟೆ ನಿಮ್ಮ ಕೈಯಲ್ಲಿ?"

"ಚರ್ಚಿನಲ್ಲಿ ಆಶೀರ್ವಾದ ಆಗದೆ ಲೋಡ್ ಹಾಕಬಾರದು ಅಂತ ಇವರದ್ದು ಹಠ."

"ತಕೊಂಡು ಹೋಗಿ ತೀರ್ಥ ಹಾಕಿಸಿದರೆ ಆಯ್ತಲ್ಲ ಮಾರಾಯ್ರೆ."

"ಹೋದೆವು. ಚರ್ಚಿನ ಗುಡ್ಡೆ ಹತ್ತಿಸಲಿಕ್ಕೆ ಇವರಿಂದ ಆಗಲಿಲ್ಲ. ಕೊನೆಗೆ ಪಿಕಪ್ಪಿನಲ್ಲಿ ಹಾಕಿಕೊಂಡು ಹೋದದ್ದು."

"ಆಶೀರ್ವಾದ ಆಯ್ತಾ?"

"ಆಯ್ತು. ಫಾದರ್ ಪಿಕಪ್ಪಿಗೂ ಸೇರಿಸಿಯೇ ಮಾಡಿದರು."

"ಹಾಗಾದರೆ ಇನ್ನೆಂತ ಉಂಟು?"

"ಕಾಯಿ ತಾಗಿದರೆ ಪೈಂಟ್ ಹೋಗುತ್ತದಂತೆ. ಈಗ ಕಾರಿನ ಶೆಡ್ಡಿನಲ್ಲಿ ಸೈಕಲ್ ಉಂಟು, ಕಾರು ನಿಲ್ಲುವುದು ಬಿಸಿಲಿನಲ್ಲಿ."

"ಪೊರ್ಬುಗಳು ಎಲ್ಲಿ?"

"ಉಡುಪಿಗೆ ಹೋಗಿದ್ದಾರೆ. ಸೈಕಲಿಗೆ ಕವರ್ ತರಬೇಕಂತೆ, ಧೂಳು ಕೂರುತ್ತದಲ್ಲ."

"ಬಸ್ಸಿನಲ್ಲಾ?"

"ಕಾರಿನಲ್ಲಿ."

ಅಷ್ಟರಲ್ಲಿ ಬಸ್ಸು ಬಂತು. ವೆರೊನಿಕಾ ಬಾಯಿ ಸೊಂಟ ಹಿಡಿದುಕೊಂಡು ಎದ್ದರು. ಅಪ್ಪಿಯಕ್ಕ ತನ್ನ ಖಾಲಿ ಬುಟ್ಟಿಯನ್ನು ಕಂಕುಳಿಗೆ ಸಿಕ್ಕಿಸಿ, ಮೂಟೆಗೆ ಕೈಕೊಟ್ಟು ಅವರ ತಲೆಗೆ ಏರಿಸಿದರು.

"ಬರುವ ಭಾನುವಾರ ಇನ್ನೊಮ್ಮೆ ಫಾದರ್ ಹತ್ತಿರ ಹೋಗಿ ಬಾಯಿ."

"ಇನ್ನು ಎಂತಕ್ಕೆ?"

"ನಿಮಗೊಂದು ಆಶೀರ್ವಾದ ಮಾಡಿಸಿಕೊಳ್ಳಿ. ಲೋಡ್ ಹೊರುವುದು ನೀವಲ್ವಾ?"