ಅಜ್ಜನ ಒರಳು, ಬೀಗಿತ್ತಿ, ಹಗ್ಗ

ಗಾಳಿಯೂ ಕಂಬಳಿ ಹೊದ್ದು ತಿರುಗುವಂಥ ಒಂದು ನಾಡು. ಹೆಸರು ಬೇಡ, ಬಡಗಣ ಸೀಮೆ ಅನ್ನೋಣ. ಅಲ್ಲೊಬ್ಬ ರಾಜ. ರಾಜನಿಗೊಂದು ಹುಚ್ಚು. ಎಂಥ ಹುಚ್ಚು, ಕೇಳಿ. ಆ ನಾಡಿನ ದೇವರು, ದೈತ್ಯರು ಕಾಲಿಟ್ಟ ಜಾಗಗಳೆಲ್ಲ ಒಂದೇ ನಕ್ಷೆಯಲ್ಲಿ ಬರಬೇಕು, ಅದು ತನ್ನ ಸಿಂಹಾಸನದ ಹಿಂದೆ ತೂಗಬೇಕು.

ಐವಿಂದ ಅಂತ ಒಬ್ಬ ನಕ್ಷೆಗಾರ ಇದ್ದ. ಅವನನ್ನು ಕರೆಸಿದ ರಾಜ, "ಒಂದು ಹೆಸರು ತಪ್ಪಿದರೂ ಬರೆದ ಕೈ ನಿನ್ನದಲ್ಲ" ಅಂದ. ಐವಿಂದ ತನ್ನ ಬಲಗೈ ನೋಡಿಕೊಂಡ. ಚೆನ್ನಾಗಿಯೇ ಇತ್ತು. ಊಟಕ್ಕೂ ಅದೇ ಬೇಕಲ್ಲ.

ಆ ಸೀಮೆಯಲ್ಲಿ ರಸ್ತೆ ಎಲ್ಲಿಂದ ಬರಬೇಕು? ಬೆಟ್ಟ ನೇರ ಸಮುದ್ರಕ್ಕೇ ಇಳಿದಿರುತ್ತದೆ. ಹೋಗುವುದಾದರೆ ದೋಣಿಯಲ್ಲಿ. ಹೆರ್ದಿಸ್ ಅನ್ನುವ ಅಜ್ಜಿಯೊಬ್ಬಳು ಮೀನಿನ ದೋಣಿ ನಡೆಸುತ್ತಿದ್ದಳು. ಐವಿಂದ ಚರ್ಮದ ಹಾಳೆ ಸುತ್ತಿಕೊಂಡು ಹತ್ತಿ ಕೂತ.

ಹೋದರು, ಹೋದರು. ಎದುರಿಗೆ ನೆತ್ತಿ ಸೀಳಿದ ಬೆಟ್ಟ. ಗುಡುಗಿನ ದೇವರು ಥಾರ್ ಸುತ್ತಿಗೆಯಲ್ಲಿ ಬಡಿದದ್ದು.

"ಅಜ್ಜಿ, ಇದರ ಹೆಸರು?"

"ಅಜ್ಜನ ಒರಳು."

ಬರೆದ. ಹೋದರು, ಹೋದರು. ನೀರಿನ ನಡುವೆ ಕಲ್ಲಿನ ಕಂಬ. ಬೆಳಗಿನ ಬಿಸಿಲು ತಾಗಿ ನಿಂತಲ್ಲೇ ಕಲ್ಲಾದ ದೈತ್ಯೆ.

"ಇದು?"

"ಬೀಗಿತ್ತಿ."

ಬರೆದ. ಹೋದರು, ಹೋದರು. ಗಿರಗಿರ ಸುತ್ತುವ ಸುಳಿ. ಲೋಕವನ್ನೇ ಸುತ್ತಿ ಮಲಗಿರುವ ಮಹಾಸರ್ಪದ ಬಾಲ ಅದರ ತಳದಲ್ಲಿದೆಯಂತೆ.

"ಇದು?"

"ಹಗ್ಗ. ಬೇಗ ಬರಿ ಮಗಾ, ಇಲ್ಲಿ ನಿಲ್ಲಬಾರದು."

ನಕ್ಷೆ ಮುಗಿಯಿತು. ರಾಜ ಸುಮ್ಮನೆ ನಂಬುವವನೇ? ಖುದ್ದು ಆ ಕಡಲಂಚಿನ ಊರಿಗೆ ಬಂದ, ಕೊಡಲಿಯವನನ್ನೂ ಕರೆತಂದ. ದಡದಲ್ಲಿ ನಿಂತು ಊರವರನ್ನು ಕೇಳಿದ, "ಅಜ್ಜನ ಒರಳು ಎಲ್ಲಿ?"

"ಅಂಥದ್ದಿಲ್ಲ ದೊರೆ. ಅಗೋ, ಅದು ಥಾರನ ಬೆಟ್ಟ."

"ಬೀಗಿತ್ತಿ?"

"ಯಾರ ಬೀಗಿತ್ತಿ ದೊರೆ? ಅಲ್ಲಿರೋದು ದೈತ್ಯೆಗಲ್ಲು."

"ಹಗ್ಗ?"

"ಎಷ್ಟು ಉದ್ದದ್ದು ಬೇಕು?"

ರಾಜನ ಮುಖ ಕೆಂಪಾಯಿತು. ಕೊಡಲಿಯವನು ಕೈಯಿಟ್ಟು ಕಡಿಯಲು ಮರದ ಕೊರಡೊಂದನ್ನು ತಂದಿಟ್ಟ. ಐವಿಂದ ದಡದಲ್ಲೇ ಬಲೆ ಹೊಲಿಯುತ್ತ ಕೂತಿದ್ದ ಹೆರ್ದಿಸ್ ಅಜ್ಜಿಯ ಕಡೆ ತಿರುಗಿದ. "ಯಾಕಜ್ಜಿ ಹೀಗೆ ಮಾಡಿದೆ?"

"ಏನು ಮಾಡಿದೆ? ನೀನು ಕೇಳಿದ್ದು ದೋಣಿಯಲ್ಲಿ. ನೀರಿನ ಮೇಲೆ ಕೂತು ಅವರನ್ನ ಹೆಸರು ಹಿಡಿದು ಕರೀತಾರೇನೋ? ಕರೆದರೆ ಬಂದುಬಿಡ್ತಾರೆ."

ನಗಬೇಡಿ. ದೀಪ ಹಚ್ಚಿದ ಮೇಲೆ ನಮ್ಮ ಮನೆಗಳಲ್ಲಿ ಹಾವನ್ನು ಹಾವು ಅನ್ನುತ್ತೀವಾ? ಹುಳ ಅನ್ನುತ್ತೀವಿ. ನಮ್ಮಮ್ಮ ನಮ್ಮಪ್ಪನ ಹೆಸರು ಹೇಳಿದ್ದನ್ನು ನಾನಂತೂ ಕೇಳಿಲ್ಲ. ಇರಲಿ, ಕಥೆಗೆ ಬರೋಣ.

"ಪುಕ್ಕಲರ ಮಾತು. ತಪ್ಪು ತಪ್ಪೇ" ಅಂದ ರಾಜ.

ಅಜ್ಜಿ ಬಲೆ ಕೆಳಗಿಟ್ಟಳು. "ದೋಣಿಯಲ್ಲಿ ಬರೆದದ್ದು ದೊರೆ, ದೋಣಿಯಲ್ಲೇ ಓದಿ ನೋಡಿ. ಆಮೇಲೆ ಕಡಿಸಿ. ಕೈ ಎಲ್ಲಿಗೂ ಓಡಿಹೋಗಲ್ಲ."

ರಾಜ ಹತ್ತಿದ. ಕೊಡಲಿಯವನು ಹತ್ತಿದ. ಐವಿಂದ ಬಲಗೈಯನ್ನು ಕಂಕುಳಲ್ಲಿ ಅವುಚಿಕೊಂಡು ಹತ್ತಿದ. ಬೆಟ್ಟ ದಾಟಿತು, ಕಂಬ ದಾಟಿತು. ಸುಳಿಯ ಅಂಚಿಗೆ ಬಂದಾಗ ಅಜ್ಜಿ ಹುಟ್ಟು ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ಈಗ ಇದರ ನಿಜವಾದ ಹೆಸರನ್ನ ನೀವೇ ಕೂಗಿ ಹೇಳಿ ದೊರೆ."

ರಾಜ ಬಾಯಿ ತೆರೆದ. "ಮಹಾ..." ಅಂದ. ದೋಣಿ ಒಮ್ಮೆ ನಡುಗಿತು. ಕೆಳಗೆ ನೀರು ಕಪ್ಪಗಿತ್ತು. ರಾಜ ದೋಣಿಯ ಅಂಚು ಹಿಡಿದುಕೊಂಡ.

"ಹಗ್ಗ."

"ಏನಂದಿರಿ? ಗಾಳಿಗೆ ಕೇಳಿಸಲಿಲ್ಲ."

"ಹಗ್ಗ ಕಣಮ್ಮ, ಹಗ್ಗ. ದೋಣಿ ತಿರುಗಿಸು."

ಅಲ್ಲಿಗೆ ಐವಿಂದನ ಕೈ ಐವಿಂದನಿಗೇ ಉಳಿಯಿತು. ಅಂದು ಸಂಜೆ ಅದೇ ಕೈಯಲ್ಲಿ ಅಜ್ಜಿಯ ಮನೆಯ ಮೀನು ತಿಂದ. ನಕ್ಷೆ ಮಾತ್ರ ಸಿಂಹಾಸನದ ಹಿಂದೆ ತೂಗಲಿಲ್ಲ, ಅಲ್ಲಿ ಅದು ತಪ್ಪು. ಅಜ್ಜಿಯ ದೋಣಿಯಲ್ಲಿ ತೂಗಿತು, ಅಲ್ಲಿ ಅದು ಸರಿ.

ಅವರ ದೋಣಿ ಅವರ ದಡಕ್ಕೆ, ನನ್ನ ಮಾತು ನಿಮ್ಮ ಮಡಿಲಿಗೆ. ಕತ್ತಲಾಯಿತು, ಹೋಗುವಾಗ ದಾರಿಯಲ್ಲಿ ಹಗ್ಗ ಗಿಗ್ಗ ಇದ್ದೀತು, ನೋಡಿಕೊಂಡು ಹೋಗಿ.